ರೇಡಿಯೋ ತಿಂದದ್ದು

ನಮ್ಮ ಮನೆಯ ಮೊರಕ್ಕೆ ಈಗ ಅಕ್ಕಿ ಕೇರುವ ಕೆಲಸವಿಲ್ಲ. ಅಂಗಡಿಯ ಅಕ್ಕಿ ಕಲ್ಲು, ನೆಲ್ಲು ಒಂದೂ ಇಲ್ಲದೆ ತೊಳೆದಿಟ್ಟ ಹಾಗೆ ಬರುತ್ತದೆ. ಹಾಗಾಗಿ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದ ಮೊರವನ್ನು ನಾನು ವಶಪಡಿಸಿಕೊಂಡಿದ್ದೇನೆ. ಹಳೆಯ ರೇಡಿಯೋಗಳ ಹೊಟ್ಟೆಯಿಂದ ಬಿಚ್ಚಿದ ಸಾಮಾನುಗಳನ್ನು ಹರವಿಕೊಳ್ಳಲು ಅದರಷ್ಟು ಅನುಕೂಲದ್ದು ಇನ್ನೊಂದಿಲ್ಲ. ಬೆಳಗಿನ ಕಾಫಿ ಮುಗಿಸಿ, ಮೂಗಿನ ಮೇಲೆ ಕನ್ನಡಕ ಏರಿಸಿ, ಕೈಯಲ್ಲಿ ಭೂತಗನ್ನಡಿ ಹಿಡಿದು ಮೊರದ ಮುಂದೆ ಬಗ್ಗಿ ಕೂತ ನನ್ನನ್ನು ನೋಡಿದಾಗಲೆಲ್ಲ ನನ್ನ ಹೆಂಡತಿ ಸಾವಿತ್ರಿ ಅಡುಗೆಮನೆಯಿಂದಲೇ ಕೇಳುತ್ತಾಳೆ, "ಏನ್ರೀ, ಕಲ್ಲು ಸಿಕ್ತಾ?"

ನಿವೃತ್ತಿಯ ಮೇಲೆ ಅಂಟಿಕೊಂಡ ಚಟ ಇದು. ನೌಕರಿಯಲ್ಲಿ ಇದ್ದಷ್ಟು ಕಾಲ ನಾನು ಹಾಸನದ ಸುತ್ತಮುತ್ತ ಜಮೀನು ಅಳೆದುಕೊಂಡಿದ್ದವನು. ಪೊದೆಯೊಳಗೆ ಹೂತುಹೋದ ಗಡಿಕಲ್ಲು ಹುಡುಕಿ, ಇದು ಯಾರದು, ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವುದೇ ನನ್ನ ಅನ್ನವಾಗಿತ್ತು. ಆ ಬುದ್ಧಿ ಪೆನ್ಷನ್ ಬಂದ ಕೂಡಲೇ ಬಿಟ್ಟುಹೋಗುತ್ತದೆಯೇ? ಕರೆಂಟಿನ ವಿದ್ಯೆ ನನಗೇನೇನೂ ತಿಳಿಯದು. ಮನೆಯಲ್ಲಿ ಬಲ್ಬು ಹೋದರೆ ಸ್ಟೂಲು ಹತ್ತುವವಳು ಸಾವಿತ್ರಿ. ನಾನು ಕೆಳಗೆ ಸ್ಟೂಲು ಹಿಡಿದುಕೊಂಡು ಸಲಹೆ ಕೊಡುತ್ತೇನೆ. ನನಗಿರುವುದು ಹೆಸರು ಕೇಳುವ ಚಪಲ ಮಾತ್ರ. ಮೇಣ ಮೆತ್ತಿದ ಉಂಡೆ ಕಂಡರೆ ಇದು ಯಾರು, ಮೈಮೇಲೆ ಬಣ್ಣದ ಪಟ್ಟೆ ಬಳಿದುಕೊಂಡ ಪುಟ್ಟ ಕಡ್ಡಿ ಕಂಡರೆ ಇದು ಯಾರ ಮನೆಯದು ಎಂದು ಕೇಳದೆ ಇರಲಾರೆ. ಮದುವೆ ಮನೆಗೆ ಹೋದರೂ ನಾನು ಹೀಗೆಯೇ ಎಂದು ಸಾವಿತ್ರಿಯ ದೂರು.

ರೇಡಿಯೋದೊಳಗೆ ಯಾರೋ ಇದ್ದಾರೆ ಎಂಬ ನಂಬಿಕೆ ನನಗೆ ಚಿಕ್ಕಂದಿನದು. ನಮ್ಮೂರು ಹಳ್ಳಿಮೈಸೂರಿನ ಹತ್ತಿರ. ನಮ್ಮಪ್ಪ ಬೇಸಾಯಗಾರ. ನಡುಮನೆಯ ಗೋಡೆಗೆ ಹಲಗೆ ಹೊಡೆದು, ಅದರ ಮೇಲೆ ಮರದ ಪೆಟ್ಟಿಗೆಯ ಒಂದು ವಾಲ್ವ್ ರೇಡಿಯೋ ಇಟ್ಟಿದ್ದ. ಅದು ಮಾತು ನಿಲ್ಲಿಸಿದಾಗಲೆಲ್ಲ ಕಂಬಳಿಯಲ್ಲಿ ಸುತ್ತಿಕೊಂಡು ಹೊಳೆನರಸೀಪುರದ ರಿಪೇರಿ ಅಂಗಡಿಗೆ ಬಸ್ಸಿನಲ್ಲಿ ಹೊರಡುತ್ತಿದ್ದ. ಸಂಜೆ ಬರಿಗೈಯಲ್ಲಿ ಬಂದು ವರದಿ ಒಪ್ಪಿಸುತ್ತಿದ್ದ. "ಕಂಡಕ್ಟ್ರು ಓಗವ್ನಂತೆ. ಬ್ಯಾರೆ ಕಂಡಕ್ಟ್ರು ಆಕ್ಬೇಕಂತೆ."

ಅಂಗಡಿಯವನು ಹೇಳಿದ್ದು ಕಂಡೆನ್ಸರ್. ಆದರೆ ನನಗೆ ಆಗ ಗೊತ್ತಿದ್ದ ಕಂಡಕ್ಟರು ಒಬ್ಬನೇ: ಖಾಕಿ ಅಂಗಿಯವನು, ಕಂಕುಳಲ್ಲಿ ಚರ್ಮದ ಚೀಲದವನು, ರೈಟ್ ರೈಟ್ ಎನ್ನುವವನು. ಅಂಥವನೊಬ್ಬ ಸಣ್ಣ ಗಾತ್ರದಲ್ಲಿ ನಮ್ಮ ರೇಡಿಯೋದೊಳಗೂ ಕೆಲಸಕ್ಕಿದ್ದಾನೆ ಎಂದು ನಾನು ನಂಬಿದೆ. ಯೋಚಿಸಿ ನೋಡಿದರೆ ನೀವೂ ಒಪ್ಪುತ್ತೀರಿ. ಅವನಿಲ್ಲದಿದ್ದರೆ ಹಾಡುವವರು, ವಾರ್ತೆ ಓದುವವರು, ರೈತರಿಗೆ ಬುದ್ಧಿ ಹೇಳುವವರು ಎಲ್ಲರೂ ಒಂದೇ ಸಲ ನುಗ್ಗಿಬಿಡುವುದಿಲ್ಲವೇ? ಅವನು ರೈಟ್ ಎಂದಮೇಲೆ ವಾರ್ತೆಯವರು ಇಳಿದು, ಹಾಡಿನವರು ಹತ್ತುತ್ತಿದ್ದರು. ಇವತ್ತಿಗೂ ಮೊರದ ಮೇಲೊಂದು ಹಳೇ ಕಂಡೆನ್ಸರ್ ಬಿದ್ದರೆ ಮನಸ್ಸಿನಲ್ಲೇ ಅದರ ಹೆಗಲಿಗೊಂದು ಚೀಲ ಹಾಕಿ ನೋಡುತ್ತೇನೆ.

ನನ್ನಂಥ ಕೆಲಸವಿಲ್ಲದವರದೇ ಒಂದು ವಾಟ್ಸಾಪ್ ಗುಂಪಿದೆ. ಗುರುತು ಸಿಗದ ಪಾರ್ಟಿನ ಫೋಟೋ ಹಾಕುವುದು, ಉಳಿದವರು ಊಹಿಸುವುದು. ಅದರ ಯಜಮಾನ ಧರಣೇಂದ್ರ, ಚನ್ನರಾಯಪಟ್ಟಣದಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ನನ್ನ ಗೆಳೆಯ. ಅವನ ಅಂಗಡಿಯಲ್ಲಿ ಹಿತ್ತಾಳೆ ಕೊಡಗಳ ನಡುವೆ ಅಲ್ಲೊಂದು ಇಲ್ಲೊಂದು ರೇಡಿಯೋ ಕೂತಿರುತ್ತದೆ. ಯಾತ್ರೆಗೆ ಬಂದವರು ಕೊಡದ ಬೆಲೆ ಕೇಳಿದರೆ ರೇಡಿಯೋದ ಚರಿತ್ರೆ ಹೇಳಿ ಕಳಿಸುವವನು ಅವನು.

ಗುಂಪಿನ ಪಾಂಡಿತ್ಯ ಎಂಥದ್ದೆಂದು ಒಂದು ಉದಾಹರಣೆ ಕೊಡುತ್ತೇನೆ. ಒಮ್ಮೆ ಒಂದು ರೇಡಿಯೋದ ಮೂಲೆಯಲ್ಲಿ ಮಣ್ಣಿನ ಬಣ್ಣದ, ಉದ್ದುದ್ದನೆಯ, ಮೈತುಂಬ ತೂತಿದ್ದ ಒಂದು ವಸ್ತು ಸಿಕ್ಕಿತು. ಫೋಟೋ ಹಾಕಿದೆ. ತೇವ ತಾಗದ ಹಾಗೆ ಮಾಡಿದ ವಿಶೇಷ ಕಾಯಿಲ್ ಎಂದರು ಒಬ್ಬರು. ಹಡಗಿನ ರೇಡಿಯೋಗಳಿಗೆ ಮಾತ್ರ ಹಾಕುತ್ತಿದ್ದರು ಎಂದರು ಇನ್ನೊಬ್ಬರು. ನಾನು ಚೀಟಿ ಬರೆದು, ಅಂಟಿಸಿ, ಷೋಕೇಸಿನಲ್ಲಿಟ್ಟೆ. ಒಂದು ಬೆಳಿಗ್ಗೆ ಆ ಹಡಗಿನ ಕಾಯಿಲಿನಿಂದ ಕಣಜದ ಹುಳುವೊಂದು ಹೊರಗೆ ಬಂದು, ಚೀಟಿಯ ಮೇಲೆ ಕೂತು ರೆಕ್ಕೆ ಕೊಡವಿಕೊಂಡು, ಕಿಟಕಿಯಿಂದ ಹಾರಿಹೋಯಿತು. ಷೋಕೇಸು ಒರೆಸುವ ಕೆಲಸವನ್ನು ಅಂದಿನಿಂದ ಸಾವಿತ್ರಿ ನನಗೇ ಬಿಟ್ಟಿದ್ದಾಳೆ.

ಇಂಥ ಪಂಡಿತನ ಮನೆಗೆ ನಮ್ಮ ಗೌರಕ್ಕ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಅರಕಲಗೂಡಿನಿಂದ ಬಂದಳು. ಗೌರಕ್ಕ ನನಗಿಂತ ದೊಡ್ಡವಳು, ನನಗಿರುವ ಒಬ್ಬಳೇ ಅಕ್ಕ. ಬರುವಾಗ ಒಂದು ಕೈಯಲ್ಲಿ ಬಟ್ಟೆಯ ಬ್ಯಾಗು, ತೊಡೆಯ ಮೇಲೆ ಹಳೇ ಸೀರೆಯಲ್ಲಿ ಸುತ್ತಿದ ನಮ್ಮಪ್ಪನ ರೇಡಿಯೋ. ಬಸ್ಸಿನಲ್ಲಿ ಕಂಡಕ್ಟರು ಅದಕ್ಕೆ ಲಗೇಜು ಟಿಕೆಟ್ ತೆಗೆದುಕೊಳ್ಳಿ ಎಂದನಂತೆ. "ನಂಗೇ ಫ್ರೀ ಅಂತೆ, ನನ್ನ ತೊಡೆ ಮ್ಯಾಲಿರೋದುಕ್ಕೆ ಟಿಕೆಟ್ಟಾ ಅಂದೆ. ಬಾಯಿ ಮುಚ್ಕಂಡು ಮುಂದುಕ್ಕೋದ" ಎಂದಳು ಅಕ್ಕ, ಚಪ್ಪಲಿ ಬಿಡುತ್ತ.

ರೇಡಿಯೋವನ್ನು ನನ್ನ ಮೊರದ ಪಕ್ಕದಲ್ಲೇ ಇಳಿಸಿದಳು. "ಮಾತಾಡ್ಸಕ್ಕಾದ್ರೆ ಮಾತಾಡ್ಸು ನಂಜ. ಆಗ್ದಿದ್ರೆ ಬುಡು. ಒಳಗೆ ಸಿಕ್ಕಿದ್ದ ಮಾತ್ರ ಒಂದ್ನೂ ಬಿಸಾಡ್‌ಬ್ಯಾಡ. ನಂಗೆ ತೋರ್ಸು."

ಈ ಮಾತಿನ ಹಿಂದೆ ಏನಿತ್ತು ಎಂದು ಹೇಳಬೇಕಾದರೆ ನಮ್ಮ ಮನೆಯ ಒಂದು ನುಡಿಗಟ್ಟನ್ನು ನಿಮಗೆ ಪರಿಚಯಿಸಬೇಕು. ನಮ್ಮಲ್ಲಿ ಏನೇ ಕಳೆದುಹೋಗಲಿ, ಯಾರೇ ನೆಪ ಹೇಳಲಿ, "ರೇಡಿಯೋ ತಿಂತು ಬುಡು" ಎನ್ನುತ್ತೇವೆ. ಸೌಟು ಕಾಣದಿದ್ದರೆ ರೇಡಿಯೋ ತಿಂತು. ಬರುತ್ತೇನೆಂದ ಆಳು ಬರದಿದ್ದರೆ ರೇಡಿಯೋ ತಿಂತು. ಆ ರೇಡಿಯೋ ಹಾಡಿದ್ದನ್ನು ಒಂದು ದಿನವೂ ಕೇಳದ ನನ್ನ ಮಕ್ಕಳು ಕೂಡ ಹೋಂವರ್ಕ್ ಮಾಡದ ದಿನ ಅದನ್ನೇ ಹೇಳುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಸಾವಿತ್ರಿ ಗಾಬರಿಯಾಗಿದ್ದಳು; ಈಗ ಅವಳ ಬಾಯಲ್ಲೂ ಅದು ಸಲೀಸು. ಈ ಮಾತನ್ನು ಮೊದಲು ಆಡಿದವಳು ಗೌರಕ್ಕ. ಆಗ ಅವಳು ಸ್ಲೇಟು ಹಿಡಿದು ಸ್ಕೂಲಿಗೆ ಹೋಗುವ ಹುಡುಗಿ.

ಬಳಪ ತಿನ್ನುವುದು ಗೊತ್ತಲ್ಲ ನಿಮಗೆ? ನಮ್ಮ ಕಾಲದ ಮಕ್ಕಳಲ್ಲಿ ಬಳಪದ ರುಚಿ ನೋಡದವರು ಕಡಿಮೆ. ಒದ್ದೆ ನೆಲದ ವಾಸನೆಯೇ ನಾಲಿಗೆಯ ಮೇಲೆ ಬಂದ ಹಾಗೆ ಇರುತ್ತಿತ್ತು. ಕಟುಂ ಎಂದು ಒಂದು ಚೂರು ಮುರಿದು ದವಡೆಗೆ ಒತ್ತಿಕೊಂಡರೆ ಮಗ್ಗಿ ಹೇಳುವ ಸಂಕಟ ಅರ್ಧ ಕಡಿಮೆಯಾಗುತ್ತಿತ್ತು. ತಿಂದರೆ ಹೊಟ್ಟೆಯಲ್ಲಿ ಕಲ್ಲು ಕಟ್ಟುತ್ತದೆಂದು ಅವ್ವಂದಿರು ಹೆದರುತ್ತಿದ್ದರು. ನಮ್ಮವ್ವ ಇನ್ನೂ ಒಂದು ಕೈ ಮೇಲೆ. ಅಕ್ಕ ಬಳಪದ ತುದಿ ಕಚ್ಚುತ್ತ ಕೂತಿದ್ದನ್ನು ಒಂದು ದಿನ ಕಂಡು, ಕಿತ್ತುಕೊಂಡು, ಕೈಗೆ ಎಟುಕದ ಹಾಗೆ ರೇಡಿಯೋದ ಮೇಲಿಟ್ಟಳು. ಇಟ್ಟದ್ದನ್ನು ಮರೆತಳು.

ಮಾರನೆಯ ದಿನ ಅಪ್ಪ ಕೆಟ್ಟುಹೋಗಿದ್ದ ರೇಡಿಯೋವನ್ನು ಹಲಗೆಯಿಂದ ಇಳಿಸಿ, ಕಂಬಳಿಯಲ್ಲಿ ಸುತ್ತಿಕೊಂಡು ಹೊಳೆನರಸೀಪುರಕ್ಕೆ ಹೋದ. ಅಕ್ಕ ಸ್ಕೂಲಿಗೆ ಹೊರಟಾಗ ಸ್ಲೇಟಿದೆ, ಬಳಪವಿಲ್ಲ.

"ತಿಂದ್ಬುಟ್ಟಾ? ನಿಜ ಯೋಳು" ಎಂದಳು ಅವ್ವ.

"ನಾ ತಿಂದಿಲ್ಲ ಕಣವ್ವಾ. ನೀನೇ ರೇಡಿಯೋ ಮ್ಯಾಲೆ ಇಟ್ಟಿದ್ದೆ."

"ನಾನ್ಯಾಕೆ ಇಡ್ಲಿ? ಇಟ್ಟಿದ್ರೆ ಎಲ್ಲೋಯ್ತು? ರೇಡಿಯೋ ತಿಂತಾ?"

ಅಕ್ಕ ಒಂದು ಗಳಿಗೆ ಯೋಚನೆ ಮಾಡಿ, "ಊಂ. ರೇಡಿಯೋನೇ ತಿಂತು" ಎಂದಳು.

ಮಿಕ್ಕಿದ್ದು ನಮ್ಮ ಮನೆಯ ಪುರಾಣ. ಪಕ್ಕದ ಮನೆಯವರೂ ಬಂದು ನಕ್ಕರು. ಅವ್ವ ಅಕ್ಕನ ಮೂಗು ಹಿಡಿದು ಹರಳೆಣ್ಣೆ ಕುಡಿಸಿದಳು. ಆಮೇಲೆ ಹಿತ್ತಲಿನಲ್ಲಿ ಕಡ್ಡಿ ಹಿಡಿದು ತನಿಖೆಯನ್ನೂ ಮಾಡಿದಳು. ಬಳಪ ಸಿಗಲಿಲ್ಲ. ಹಾಗಾದರೆ ಆಗಲೇ ಕರಗಿಹೋಗಿದೆ ಎಂದು ತೀರ್ಮಾನಿಸಿದಳು. ನ್ಯಾಯಾಲಯದಲ್ಲೂ ಸಾಕ್ಷಿ ಸಿಗದಿದ್ದರೆ ಬಿಟ್ಟುಬಿಡುತ್ತಾರೆ. ಅವ್ವನ ಹತ್ತಿರ ಆ ಕಾನೂನು ಇರಲಿಲ್ಲ.

ಕೆಲವು ದಿನದ ಮೇಲೆ ರೇಡಿಯೋ ವಾಪಸು ಬಂತು. ಚೆನ್ನಾಗಿ ಹಾಡಿತು. ಅಪ್ಪನಿಗೆ ಹಿಗ್ಗು. "ಒಳ್ಳೆ ಪಾರ್ಟು ಆಕವ್ನೆ ಕಣ್ರೋ. ಅಂಗ್ಡೀಲಿ ದುಡ್ಡು ಕೊಟ್ರೂ ಸಿಗಾಕಿಲ್ವಂತೆ, ಕೈಲೇ ಮಾಡಿ ಆಕವ್ನೆ" ಎಂದು ಊರಿಗೆಲ್ಲ ಹೇಳಿಕೊಂಡು ಬಂದ. ಅಕ್ಕ ಮಾತ್ರ ಅದರ ಬೆನ್ನಿನ ತೂತುಗಳಿಗೆ ಕಣ್ಣು ಹಚ್ಚಿ ನಿಲ್ಲುತ್ತಿದ್ದಳು. ಒಳಗೆ ವಾಲ್ವುಗಳ ಕೆಂಪು ಬೆಳಕು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಬಿಚ್ಚಿ ನೋಡಿ ಎಂದರೆ ಬಿಚ್ಚುವವರು ಯಾರು? ಮಕ್ಕಳ ಮಾತಿಗೆ ರೇಡಿಯೋ ಬಿಚ್ಚುವ ಮನೆ ಆಗ ಎಲ್ಲೂ ಇರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಗೆಯ ಕಥೆ. ಆದರೆ ಒಂದು ಸಲ ಮಾತು ಬಿದ್ದುಹೋದರೆ ಅದು ಬಿದ್ದೇ ಇರುತ್ತದೆ. ಅಕ್ಕ ಲೆಕ್ಕದಲ್ಲಿ ಬಲು ಚುರುಕು. ಹೈಸ್ಕೂಲು ಮುಗಿಸುವ ವರ್ಷ ಲೆಕ್ಕದ ಮೇಷ್ಟ್ರು ಅವಳನ್ನು ಕರೆದು, ಹಾಸನಕ್ಕೆ ಕಾಲೇಜಿಗೆ ಸೇರಿಸಲು ನಿಮ್ಮಪ್ಪನಿಗೆ ಹೇಳು, ಬೇಕಾದರೆ ಬಂದು ನನ್ನನ್ನು ಕಾಣಲಿ ಎಂದರಂತೆ. ಊಟಕ್ಕೆ ಕೂತಾಗ ಅಕ್ಕ ಅದನ್ನು ಹೇಳಿದಳು. ಮುಖ ಕೆಂಪಾಗಿತ್ತು, ಮಾತು ತಡವರಿಸುತ್ತಿತ್ತು. ಅಪ್ಪ ಮುದ್ದೆ ಮುರಿಯುತ್ತ ಕೇಳಿದ, "ಮೇಷ್ಟ್ರು ನಿಜ್ವಾಗ್ಲೂ ಅಂಗಂದ್ರಾ? ಇಲ್ಲ, ಇದೂ ರೇಡಿಯೋ ತಿಂದಂಗಾ?"

ಎಲ್ಲರೂ ನಕ್ಕೆವು. ಅಪ್ಪ ಕೆಟ್ಟವನಲ್ಲ. ಅವನಿಗೆ ಅದು ಊಟದ ಹೊತ್ತಿನ ತಮಾಷೆ, ಅಷ್ಟೇ. ಅಕ್ಕನೂ ನಕ್ಕಳು. ನಕ್ಕು, ತಟ್ಟೆಯಲ್ಲೇ ಕೈ ತೊಳೆದು ಎದ್ದಳು. ಆ ಮಾತನ್ನು ಮತ್ತೆ ಎತ್ತಲಿಲ್ಲ. ಮೇಷ್ಟ್ರನ್ನು ಯಾರೂ ಹೋಗಿ ಕಾಣಲಿಲ್ಲ. ಅವರಿಗೂ ಬೇರೆ ಊರಿಗೆ ವರ್ಗವಾಯಿತು. ಅಕ್ಕನನ್ನು ಅರಕಲಗೂಡಿಗೆ ಕೊಟ್ಟರು. ಭಾವನ ಆಲೂಗಡ್ಡೆ ವ್ಯಾಪಾರದ ಲೆಕ್ಕವೆಲ್ಲ ಅವಳ ಬಾಯಲ್ಲೇ ಇತ್ತು, ಕಾಗದ ಬೇಕಾಗಿರಲಿಲ್ಲ. ಚೆನ್ನಾಗಿಯೇ ಬಾಳಿದಳು. ಆ ರಾತ್ರಿ ನಾವು ನಗದಿದ್ದರೂ ಅಪ್ಪ ಅವಳನ್ನು ಹಾಸನಕ್ಕೆ ಕಳಿಸುತ್ತಿದ್ದ ಎಂದು ನಾನು ಹೇಳಲಾರೆ. ಆದರೆ ಬೇಡ ಎನ್ನಿಸಿಕೊಳ್ಳುವುದು ಬೇರೆ, ಸುಳ್ಳಿ ಎನ್ನಿಸಿಕೊಳ್ಳುವುದು ಬೇರೆ.

ಅಪ್ಪ ತೀರಿಕೊಂಡ ಮೇಲೆ ಪಾಲಿನ ಮಾತು ಬಂದಾಗ ಅಕ್ಕ ಕೇಳಿದ್ದು ಆ ರೇಡಿಯೋ ಒಂದನ್ನೇ. ಅಷ್ಟು ಹೊತ್ತಿಗೆ ಅದು ಪೂರಾ ಮೂಕವಾಗಿತ್ತು. ಕೊಟ್ಟೆವು. ಆಗಲೂ ನಮ್ಮವ್ವ, ಮೂಲೆಯಲ್ಲಿ ಕೂತು, "ಜ್ವಾಕೆ ಕಣೇ, ಒಡವೆಗಿಡವೆ ಅದ್ರ ತಾವ ಇಡ್‌ಬ್ಯಾಡ, ತಿಂದ್ಬುಟ್ಟಾತು" ಎಂದಿದ್ದಳು. ಅವ್ವನೂ ಈಗಿಲ್ಲ. ನಮ್ಮ ಹಾಲಿನ ಗೋಡೆಯ ಮೇಲೆ ಅಪ್ಪನ ಪಕ್ಕದಲ್ಲಿ ಅವಳ ಫೋಟೋ ಇದೆ.

ಅಕ್ಕನ ಆಪರೇಷನ್ ಸುಸೂತ್ರವಾಗಿ ಆಯಿತು. ಬಗ್ಗಬಾರದು, ಭಾರ ಎತ್ತಬಾರದು, ಕಪ್ಪು ಕನ್ನಡಕ ತೆಗೆಯಬಾರದು ಎಂದು ಡಾಕ್ಟರು ಹೇಳಿ ಕಳಿಸಿದರು. ಅವಳು ದಿವಾನದ ಮೇಲೆ ಕನ್ನಡಕ ಹಾಕಿಕೊಂಡು ಕೂರುವುದು, ನಾನು ಕೆಳಗೆ ರೇಡಿಯೋ ಬಿಚ್ಚುವುದು. ಹಿಂದಿನ ರಟ್ಟು ತೆಗೆದೆ. ಒಳಗಿನ ದೂಳನ್ನು ಮೊರಕ್ಕೆ ಸುರಿದೆ.

"ಏನ್ ಸಿಕ್ತು?" ಎಂದಳು ಅಕ್ಕ.

"ಹಲ್ಲಿ ಮೊಟ್ಟೆ ಚಿಪ್ಪು. ಒಂದು ಗುಂಡುಸೂಜಿ. ಅರ್ಧ ಬೀಡಿ."

"ಅಷ್ಟೇಯಾ? ಸರ್ಯಾಗಿ ಕೇರು."

ಮೊರವನ್ನು ಹುಟ್ಟಿದಂದಿನಿಂದ ಮೊದಲ ಸಲ ಸರಿಯಾಗಿ ಕೇರಿದೆ. "ಅಷ್ಟೇ ಅಕ್ಕ."

ಅವಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಕಣ್ಣು ನೋಯುತ್ತಿರಬೇಕೆಂದುಕೊಂಡು ನಾನು ಔಷಧಿಯ ಸೀಸೆ ಹುಡುಕಲು ಎದ್ದೆ. ನನ್ನ ಮಡ್ಡತನದ ಬಗ್ಗೆ ನಿಮಗೆ ಈಗಾಗಲೇ ಅಂದಾಜು ಸಿಕ್ಕಿರಬೇಕು. ನುಡಿಗಟ್ಟು ಹೆಚ್ಚು ಬಳಸಿದರೆ ಹಾಗೆಯೇ ಆಗುತ್ತದೆ. ಬಾಯಿಗೆ ರೂಢಿಯಾದ ಮಾತಿನೊಳಗೆ ಒಂದು ಬಳಪ ಇತ್ತು ಎಂಬುದೇ ನನಗೆ ಮರೆತುಹೋಗಿತ್ತು.

ಧರಣೇಂದ್ರ ಫೋನಿನಲ್ಲಿ ಹೇಳಿಕೊಟ್ಟಂತೆ ಹಿಂದಿನಿಂದಲೇ ಕೈಗೆ ಸಿಗುವ ಎರಡು ಕಂಡೆನ್ಸರ್ ಬದಲಾಯಿಸಿದ್ದಕ್ಕೆ ರೇಡಿಯೋ ಸಂಜೆಯ ಹೊತ್ತಿಗೆ ಗುಂಯ್ ಎಂದಿತು. ಕಿವಿ ಹಿಂಡುತ್ತ ಹೋದರೆ ಎಲ್ಲೋ ದೂರದಲ್ಲಿ ಯಾರೋ ಹಾಡುತ್ತಿದ್ದರು, ಯಾವ ಭಾಷೆಯೋ ತಿಳಿಯಲಿಲ್ಲ. ಸಾವಿತ್ರಿ ಒಲೆ ಆರಿಸಿ ಬಂದು ನಿಂತಳು. ನಾನು ಮೊರ ಬದಿಗಿಟ್ಟು ಕಿವಿಗೊಟ್ಟೆ. ಅಕ್ಕ ಮಾತ್ರ ತಲೆ ಅಲ್ಲಾಡಿಸಿ, "ಊಂ, ಮಾತಾಡ್ತು" ಎಂದಳು, ಅಷ್ಟೇ.

ಮಾರನೆಯ ದಿನ, ಒಳಗೆ ಉಳಿದವರ ಹೆಸರೂ ಕೇಳುವ ಚಪಲ ತಡೆಯದೆ, ಪೆಟ್ಟಿಗೆಯಿಂದ ತಗಡಿನ ತಟ್ಟೆಯನ್ನೇ ಹೊರಗೆಳೆದು ಬೋರಲು ಹಾಕಿದೆ. ವಾಲ್ವ್ ರೇಡಿಯೋದ ನಿಜವಾದ ಸಂಸಾರ ಇರುವುದು ಆ ತಟ್ಟೆಯ ಅಡಿಯಲ್ಲಿ. ಅಲ್ಲಿದ್ದವರಲ್ಲಿ ಬಹುಪಾಲು ನನಗೆ ಪರಿಚಯದವರೇ. ಮೂಲೆಯಲ್ಲಿ ಒಬ್ಬ ಮಾತ್ರ ಹೊಸಬ. ಬೆರಳಿನಷ್ಟು ಉದ್ದದ ಒಂದು ಕಡ್ಡಿ. ಅದಕ್ಕೆ ಕೂದಲಿನಂಥ ತಂತಿಯನ್ನು ಒತ್ತೊತ್ತಾಗಿ ಸುತ್ತಿ, ಎರಡೂ ತುದಿಗೆ ತಾಮ್ರದ ಎಳೆ ಬಿಗಿದು, ಮೇಲೆ ಅರಗು ಬಳಿದಿದ್ದರು. ಬಣ್ಣದ ಪಟ್ಟೆಯಿಲ್ಲ, ನಂಬರಿಲ್ಲ, ಕಂಪನಿಯ ಹೆಸರಿಲ್ಲ. ಮೀಟರ್ ಹಿಡಿದರೆ ರೆಸಿಸ್ಟರ್ ಎಂದಿತು, ಅಂದರೆ ಕರೆಂಟಿಗೆ ಸ್ವಲ್ಪ ತಡೆ ಒಡ್ಡುವ ಪಾರ್ಟು. ಆದರೆ ಯಾವ ಜಾತಿಯದು, ಯಾವ ದೇಶದ್ದು?

ಫೋಟೋ ಹಾಕಿದೆ. ಗುಂಪಿನಲ್ಲಿ ಗದ್ದಲವೆದ್ದಿತು. ಯುದ್ಧಕಾಲದ ಮಾಲು ಎಂದರು. ಜರ್ಮನಿಯದು ಎಂದರು. ಕಣಜದ ಹುಳು ಇದೆಯಾ ನೋಡಿ ಎಂದವರೂ ಇದ್ದರು. ಕಡೆಗೆ ಧರಣೇಂದ್ರನೇ ಫೋನು ಮಾಡಿದ.

"ನಂಜುಂಡಣ್ಣ, ಅರಗು ಕೆರೆದು ತುದಿ ನೋಡ್ದಾ? ಬೂದು ಬಿಳಿ ಬಣ್ಣ, ಉಗುರಲ್ಲಿ ಕೆರೆದ್ರೆ ನುಣ್ಣಗೆ ಪುಡಿ ಬತ್ತೈತಾ?"

"ಬತ್ತೈತೆ."

"ಅಂಗಾದ್ರೆ ಸ್ಟಿಯಟೈಟ್ ಕಣಣ್ಣ. ಬಿಸಿ ತಡೀತೈತೆ, ಕರೆಂಟು ಆಯಕ್ಕೆ ಬುಡಲ್ಲ. ಬಾರೀ ಮಾಲು. ತೆಗೀಬ್ಯಾಡ ಅದ್ನ."

ಸ್ಟಿಯಟೈಟ್! ಆ ಹೆಸರಿನ ಗತ್ತಿಗೇ ನಾನು ಮಾರುಹೋದೆ. ಬಾಯಲ್ಲಿ ಎರಡು ಸಲ ಹೇಳಿಕೊಂಡು, ಕಪಾಟಿನಿಂದ ದಪ್ಪನೆಯ ಇಂಗ್ಲಿಷ್-ಕನ್ನಡ ನಿಘಂಟು ಇಳಿಸಿದೆ. ಪುಟ ತಿರುವಿ ಬೆರಳಿಟ್ಟಲ್ಲಿ ಕನ್ನಡ ಅರ್ಥ ಇತ್ತು: ಬಳಪದ ಕಲ್ಲು.

ನೀವಾಗಿದ್ದರೆ ಅಲ್ಲೇ ನಿಲ್ಲುತ್ತಿದ್ದಿರಿ. ನನ್ನ ತಲೆ ಓಡಿದ್ದು ಕೊರವಂಗಲಕ್ಕೆ. ಅಲ್ಲಿ ಜಮೀನು ಅಳೆಯಲು ಹೋದಾಗಲೆಲ್ಲ ಬುತ್ತಿ ಬಿಚ್ಚುತ್ತಿದ್ದದ್ದು ದೇವಸ್ಥಾನದ ನೆರಳಲ್ಲಿ. ಅದರ ಗೋಡೆಯ ಆನೆ, ಕುದುರೆ, ಬಳ್ಳಿಗಳೆಲ್ಲ ಬಳಪದ ಕಲ್ಲಿನವು. ಭೂಮಿಯಿಂದ ತೆಗೆದಾಗ ಬೆಣ್ಣೆ, ಗಾಳಿ ತಾಗುತ್ತ ಗಟ್ಟಿ. ಆ ಕಲ್ಲೇ ಹಾಡುವ ಪೆಟ್ಟಿಗೆಯೊಳಗೂ ಕೂತಿದೆಯಲ್ಲ ಎಂದು ನನಗೆ ಪುಳಕ. ಮಧ್ಯಾಹ್ನ ಊಟಕ್ಕೆ ಕೂತಾಗ ಉಪನ್ಯಾಸ ಶುರು ಮಾಡಿದೆ.

"ಅಕ್ಕ, ಒಂದು ಸೋಜಿಗ ಕೇಳು. ನಿನ್ನ ರೇಡಿಯೋ ಒಳಗೆ ಒಂದು ಪಾರ್ಟೈತೆ. ಯಾತರಲ್ಲಿ ಮಾಡವ್ರೆ ಗೊತ್ತಾ? ಬಳಪದ ಕಲ್ಲಲ್ಲಿ. ಕೊರವಂಗಲದ ದೇವಸ್ಥಾನ ನೋಡಿದ್ದೀಯಲ್ಲ, ಅದೇ ಕಲ್ಲು. ಆ ಕಾಲದ ಶಿಲ್ಪಿಗಳು..."

ಅಕ್ಕನ ಕೈ ತಟ್ಟೆಯ ಮೇಲೆ ನಿಂತಿತ್ತು. ಸಾವಿತ್ರಿ ನನ್ನ ಕಡೆ ತಿರುಗಿ, "ರೀ, ಒಂದು ನಿಮಿಷ ಸುಮ್ನಿರಿ" ಎಂದಳು. ಅವಳಿಗೆ ನನಗಿಂತ ಮೊದಲೇ ತಿಳಿದಿತ್ತು.

"ಇನ್ನೊಂದ್ ಸಲ ಯೋಳು. ಯಾತರಲ್ಲಿ?" ಎಂದಳು ಅಕ್ಕ.

"ಬಳಪ..." ಎಂದು ಬಾಯಿ ತೆರೆದವನು ಹಾಗೆಯೇ ಉಳಿದೆ. ನನ್ನ ಬಾಯಿಂದ ಬಂದ ಮಾತು ನನ್ನ ಕಿವಿಗೆ ಮುಟ್ಟಲು ಅಷ್ಟು ಹೊತ್ತು ಹಿಡಿದಿತ್ತು.

ಅಕ್ಕ ಊಟ ಮುಗಿಸಲಿಲ್ಲ. ಕೈ ತೊಳೆದು ಬಂದು, ಡಾಕ್ಟರ ಮಾತು ಮೀರಿ ಬಗ್ಗಿ, ರೇಡಿಯೋದ ತಗಡಿನ ತಟ್ಟೆಯೊಳಗೆ ಕೈ ಹಾಕಿದಳು. ಕಪ್ಪು ಕನ್ನಡಕದಲ್ಲಿ ಏನು ಕಾಣುತ್ತಿತ್ತೋ, ಬೆರಳಲ್ಲೇ ತಡವಿ ತಡವಿ ಆ ಕಡ್ಡಿಯ ಹತ್ತಿರ ಬಂದಳು. ಅರಗು ಕೆರೆದ ತುದಿಯನ್ನು ಹೆಬ್ಬೆರಳಿನಲ್ಲಿ ಉಜ್ಜಿದಳು.

"ತಗಿ ಇದ್ನ."

"ತೆಗುದ್ರೆ ಮಾತು ನಿಂತೋಯ್ತದೆ ಅಕ್ಕ. ನೆನ್ನೆ ಇನ್ನೂ ಬಾಯಿ ಬುಟ್ಟೈತೆ. ಧರಣೇಂದ್ರ ಬ್ಯಾರೆ ಪಾರ್ಟು ಕಳಿಸ್ಲಿ, ಆಮೇಲೆ..."

"ಅದು ಮಾತಾಡಿದ್ದು ಸಾಕು ಕಣ್ಲಾ. ತಗಿ ಅಂದ್ರೆ ತಗಿ."

ಬೆಸುಗೆ ಕರಗಿಸಿ ಕಡ್ಡಿಯನ್ನು ಬಿಡಿಸಿದೆ. ಅರಗನ್ನು ಚೂರು ಚೂರಾಗಿ ಎಬ್ಬಿಸಿದೆ. ತಂತಿಯ ತುದಿ ಸಿಕ್ಕಿತು. ಸುತ್ತು ಬಿಚ್ಚುತ್ತ ಹೋದೆ. ಒಂದೊಂದು ಸುತ್ತು ಬಿಚ್ಚಿದಂತೆ ಒಳಗಿನದು ಬೆಳ್ಳಗೆ ಕಾಣತೊಡಗಿತು. ಕೊನೆಗೆ ಅಂಗೈಯಲ್ಲಿ ಉಳಿದದ್ದು ಒಂದು ಬಳಪ. ಒಂದು ತುದಿ ಬರೆದು ಬರೆದು ಓರೆಯಾಗಿ ಸವೆದಿತ್ತು. ಇನ್ನೊಂದು ತುದಿಯಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು.

ಅಕ್ಕ ಅದನ್ನು ತೆಗೆದುಕೊಂಡು ನಮ್ಮ ಕೆಂಪು ನೆಲದ ಮೇಲೆ ಒಂದು ಗೀಟು ಎಳೆದಳು. ಬಿಳಿಯ ಗೀಟು ನೇರವಾಗಿ ಬಂತು. ಆಮೇಲೆ ಹಲ್ಲಿನ ಗುರುತಿನ ಮೇಲೆ ಬೆರಳಾಡಿಸಿದಳು.

"ಕಚ್ಚಿದ್ದೆ. ಇಲ್ಲ ಅನ್ನಾಕಿಲ್ಲ. ತಿಂದಿರ್ನಿಲ್ಲ ಕಣ್ಲಾ."

ಇದು ಹೇಗಾಗಿರಬಹುದೆಂದು ನಾನು ಆಮೇಲೆ ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ. ರೇಡಿಯೋದ ಮೇಲಿದ್ದ ಬಳಪ, ಇಳಿಸುವಾಗಲೋ ಕಂಬಳಿ ಸುತ್ತುವಾಗಲೋ ಹಿಂದಿನ ರಟ್ಟಿನ ಸಂದಿಯಿಂದ ಒಳಗೆ ಜಾರಿದೆ. ಹೊಳೆನರಸೀಪುರದ ರಿಪೇರಿಯವನು ಬಿಚ್ಚಿದಾಗ ಅವನ ಮುಂದೆ ಬಿದ್ದಿದೆ. ಅವನ ಹತ್ತಿರ ತಂತಿ ಇತ್ತು, ಸುತ್ತಲು ಕಡ್ಡಿ ಇರಲಿಲ್ಲ. ಬಿಸಿ ತಡೆಯುವ, ಕರೆಂಟು ಹಾಯದ ಕಡ್ಡಿ ರೇಡಿಯೋದೊಳಗಿಂದಲೇ ಬಂದರೆ ಬೇಡವೆನ್ನುತ್ತಾನೆಯೇ? ಆ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲು ಮಾರುತ್ತಾರೆ, ಕೇಳೋಣವೆಂದರೆ ಅವನಿಲ್ಲ. ಯಾರದೂ ತಪ್ಪಿಲ್ಲ, ಯಾರೂ ಸುಳ್ಳು ಹೇಳಿಲ್ಲ. ನಮ್ಮ ರೇಡಿಯೋ ಅಷ್ಟು ವರ್ಷ ವಾರ್ತೆ ಓದಿದ್ದು, ಹಾಡಿದ್ದು, ನಮ್ಮ ಊಟದ ಹೊತ್ತಿನ ನಗುವಿಗೆ ಜೊತೆಯಾದದ್ದು, ಎಲ್ಲ ಅಕ್ಕನ ಬಳಪದ ಮೇಲೆ.

"ಅಕ್ಕ, ರೇಡಿಯೋ ಇಷ್ಟು ವರ್ಷ ನಿನ್ ತಾವೇ ಇತ್ತಲ್ಲ. ಅರಕಲಗೂಡಲ್ಲೇ ಯಾರಿಂದ್ಲಾದ್ರೂ ಬಿಚ್ಚಿಸಿ ನೋಡ್ಬಹುದಿತ್ತಲ್ಲ?" ಎಂದು ಕೇಳಿದೆ.

ಅವಳು ಬಳಪದ ಮೇಲೆ ಅಂಟಿದ್ದ ಅರಗನ್ನು ಉಗುರಿನಿಂದ ತೆಗೆಯುತ್ತ ಕೂತಿದ್ದಳು.

"ಇಲ್ದೇ ಓಗಿದ್ರೆ?" ಎಂದಳು. "ನಾ ಅಂದಿದ್ದೇ ನಿಜ ಅಂತ ನಂಗೊಬ್ಳಿಗಾದ್ರೂ ಇತ್ತು. ಬಿಚ್ಚಿ ನೋಡಿ, ಇಲ್ದೇ ಓಗಿದ್ರೆ ಅದೂ ಓಗ್ತಿತ್ತು. ಈಗ ವಯಸ್ಸಾಯ್ತು. ಕಣ್ಣಾರ ನೋಡ್ಬುಡಾನ ಅಂತ ತಂದೆ."

ಸಾವಿತ್ರಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ನಮ್ಮನ್ನು ಬಿಟ್ಟರೆ ಈ ಮೊಕದ್ದಮೆಯ ತೀರ್ಪು ಕೇಳಲು ಯಾರಿದ್ದರು? ನಕ್ಕವರು ಹೋಗಿದ್ದರು, ಮೂಗು ಹಿಡಿದವಳು ಹೋಗಿದ್ದಳು, ಲೆಕ್ಕದ ಮೇಷ್ಟ್ರು ಎಲ್ಲಿದ್ದರೋ.

ಅಕ್ಕ ಎದ್ದಳು. ಬಳಪವನ್ನು ಸೀರೆಯ ಸೆರಗಿನಲ್ಲಿ ಚೆನ್ನಾಗಿ ಒರೆಸಿದಳು. ಗೋಡೆ ಹಿಡಿದುಕೊಂಡು ಹಾಲಿಗೆ ಹೋಗಿ ಅವ್ವನ ಫೋಟೋದ ಮುಂದೆ ನಿಂತಳು. ಕಪ್ಪು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಳು. ಹೊಸ ಕಣ್ಣಿನಿಂದ ಅವ್ವನನ್ನು ಸ್ವಲ್ಪ ಹೊತ್ತು ನೋಡಿದಳು. ಪೂಜೆಯ ಮಾತೋ, ಬಯ್ಗುಳವೋ ಏನೋ ಬರುತ್ತದೆಂದು ನಾನು ಕಾದೆ.

ಅಕ್ಕ ಬಳಪದ ತುದಿಯನ್ನು ದವಡೆಗೆ ಇಟ್ಟು ಕಟುಂ ಎಂದು ಮುರಿದಳು. ನಿಧಾನವಾಗಿ ಅಗಿದಳು. ನುಂಗಿದಳು.

"ಈಗ ತಿಂದೆ ಕಣವ್ವಾ" ಎಂದಳು. "ಹರಳೆಣ್ಣೆ ಮುಂಚೇನೇ ಕುಡ್ಸಿದ್ದೀಯ."